‘ಏನೂ ತೊಂದರೆ ಇಲ್ಲ ಅಂತಾಳೆ, ಆದರೂ ಬಿಪಿ ಮಾತ್ರೆ ಬೇಕಾ?’

ಪ್ರಶ್ನೆ: ನಾನು ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡುತ್ತೇನೆ. ಹೆಂಡತಿಗೆ 22 ವರ್ಷ, ಚೊಚ್ಚಲ ಬಸುರಿ. ಕುಬಸ ಮುಗಿಸಿಕೊಂಡು ಶಹಾಪುರ ತಾಲ್ಲೂಕಿನ ತವರಿಗೆ ಹೋಗಿದ್ದಾಳೆ. ಈಗ 31 ವಾರ. ಮೂರನೇ ತಿಂಗಳಲ್ಲಿ ಬಿಪಿ 110/70 ಇತ್ತು. ಹೋದ ವಾರ ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲಿ 146/94 ಬಂತು. ಎರಡು ದಿನ ಬಿಟ್ಟು ಯಾದಗಿರಿಯಲ್ಲಿ ತೋರಿಸಿದರೆ 150/96. ಮೂತ್ರದಲ್ಲಿ ‘ಒಂದು ಪ್ಲಸ್’ ಇದೆ ಅಂದರು. ಲ್ಯಾಬೆಟಲಾಲ್ 100 ಮಾತ್ರೆ ದಿನಕ್ಕೆ ಎರಡು ಬರೆದರು. 37 ವಾರಕ್ಕೇ ಹೆರಿಗೆ ಮಾಡಿಸಬೇಕಾಗಬಹುದು, ಕಲಬುರಗಿಗೂ ಕಳಿಸಬೇಕಾಗಬಹುದು ಎಂದರು. ಕಾಲು ಬಾವು ಬಿಟ್ಟರೆ ಅವಳಿಗೆ ಏನೂ ತೊಂದರೆ ಇಲ್ಲ. ಅವಳ ಆಯಿ ‘ಇದು ನಂಜು’ ಅಂತ ಉಪ್ಪು ಬಿಡಿಸಿದ್ದಾರೆ, ನೀರೂ ಕಡಿಮೆ ಕೊಡುತ್ತಾರೆ. ಮಾತ್ರೆ ತಿಂದರೆ ಮಗುವಿಗೆ ಪೆಟ್ಟು ಅಂತ ಅತ್ತೆಗೆ ಹೆದರಿಕೆ. ಮಾವನಿಗೂ ಬಿಪಿ ಇದೆ. ಅವರು ತಮ್ಮ ಟೆಲ್ಮಿಸಾರ್ಟನ್ ಮಾತ್ರೆಯನ್ನೇ ಕೊಟ್ಟರಾಯಿತು, ಎರಡೂ ಬಿಪಿ ಮಾತ್ರೆಯೇ ಅಲ್ಲವೇ ಅನ್ನುತ್ತಾರೆ. ಮಾತ್ರೆ ಬೇಕಾ? ಹಳ್ಳಿ ಹತ್ತಿರವೇ ಹೆರಿಗೆ ಆಗೋದಿಲ್ವಾ? ಈ ಬಿಪಿ ಜೀವನಪೂರ್ತಿ ಉಳಿಯುತ್ತಾ?

ಉತ್ತರ: ಮಿಕ್ಕಿದ್ದನ್ನು ಓದುವ ಮೊದಲು ಮಾವನಿಗೆ ಒಂದು ಫೋನ್ ಮಾಡಿ, ತಮ್ಮಾ. ಟೆಲ್ಮಿಸಾರ್ಟನ್ ಕೊಡಲೇಬಾರದು. ಅದು ಅವರಿಗೆ ಒಳ್ಳೆಯ ಮಾತ್ರೆ, ಬಸುರಿಗೆ ಅಲ್ಲ. ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಾಲಪ್ರಿಲ್, ರಾಮಿಪ್ರಿಲ್ ಇವೆಲ್ಲ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಯನ್ನು ಕೆಡಿಸುತ್ತವೆ, ಮಗುವಿನ ಸುತ್ತ ಇರುವ ನೀರು ಬತ್ತಿಸುತ್ತವೆ. ಈಗಾಗಲೇ ಒಂದೆರಡು ಮಾತ್ರೆ ಕೊಟ್ಟಿದ್ದರೆ ಮುಚ್ಚಿಡಬೇಡಿ. ನಿಲ್ಲಿಸಿ, ನಾಳೆಯೇ ಡಾಕ್ಟರಿಗೆ ಹೇಳಿ, ಸ್ಕ್ಯಾನಿಂಗ್‌ನಲ್ಲಿ ನೀರು ಎಷ್ಟಿದೆ ನೋಡುತ್ತಾರೆ. ಯಾರೂ ಬೈಯುವುದಿಲ್ಲ.

ಲ್ಯಾಬೆಟಲಾಲ್ ಹಾಗಲ್ಲ. ಗರ್ಭಿಣಿಯರಿಗೆ ಅಂತಲೇ ನಾವು ಬರೆಯುವ ಮೂರು ಮಾತ್ರೆಗಳಲ್ಲಿ ಅದೊಂದು. ಇನ್ನೆರಡು ನಿಫೆಡಿಪಿನ್ ಮತ್ತು ಮೀಥೈಲ್‌ಡೋಪಾ. ಮೂರನ್ನೂ ಎಷ್ಟೋ ವರ್ಷಗಳಿಂದ ಕೊಡುತ್ತಿದ್ದೇವೆ. ಅತ್ತೆಯ ಹೆದರಿಕೆ ನನಗೆ ಅರ್ಥವಾಗುತ್ತೆ. ಬಸುರಿ ಮಾತ್ರೆ ನುಂಗಬಾರದು ಅಂತಲೇ ಅವರು ಕೇಳಿಕೊಂಡು ಬಂದಿರುತ್ತಾರೆ. ಆದರೆ ಇಲ್ಲಿ ಮಗುವಿಗೆ ಪೆಟ್ಟು ಕೊಡುವುದು ಏರಿದ ಬಿಪಿ, ಮಾತ್ರೆ ಅಲ್ಲ. ನಿಮ್ಮ ಹೆಂಡತಿಗೆ ದಮ್ಮಿನ ಕಾಯಿಲೆ, ಅಂದರೆ ಆಸ್ತಮಾ ಇದೆಯಾ ಅಂತ ಮಾತ್ರ ಕೇಳಿ. ಇದ್ದರೆ ಲ್ಯಾಬೆಟಲಾಲ್ ಆಗಿಬರುವುದಿಲ್ಲ, ನಿಫೆಡಿಪಿನ್‌ಗೆ ಬದಲಾಯಿಸುತ್ತಾರೆ. ಅದಕ್ಕೆ ಶುರುವಿನಲ್ಲಿ ಸ್ವಲ್ಪ ತಲೆನೋವು ಬರಬಹುದು, ಮುಖ ಬಿಸಿಯಾಗಬಹುದು. ಮೀಥೈಲ್‌ಡೋಪಾಗೆ ಮಂಪರು, ಕೆಲವರಿಗೆ ಮನಸ್ಸು ಮಂಕಾಗುತ್ತೆ. ಸಂಪೂರ್ಣ ತೊಂದರೆ ಇಲ್ಲದ ಮಾತ್ರೆ ಅಂತ ಯಾವುದೂ ಇಲ್ಲ, ಆದರೆ ಇವುಗಳ ತೊಂದರೆ ತಾಳಿಕೊಳ್ಳುವಂಥದ್ದು.

ಈಗ ಅಳತೆಯ ವಿಷಯ. 140/90 ಅಥವಾ ಅದಕ್ಕಿಂತ ಜಾಸ್ತಿ, ಕನಿಷ್ಠ ನಾಲ್ಕು ತಾಸಿನ ಅಂತರದಲ್ಲಿ ಎರಡು ಸಲ ಬಂದರೆ ನಾವು ಅದನ್ನು ಬಿಪಿ ಎನ್ನುತ್ತೇವೆ. 160/110 ಮುಟ್ಟಿದರೆ ಅಂದೇ ದಾಖಲಾಗಬೇಕು, ಅರ್ಧ–ಒಂದು ತಾಸಿನೊಳಗೆ ಇಳಿಸುವ ಔಷಧ ಶುರುವಾಗಬೇಕು. ನನ್ನ ಬಳಿ ಬಂದವರಿಗೆ ನಾನು ಮೊದಲು ಕೇಳುವುದು, ಹೇಗೆ ಅಳೆದರು ಅಂತ. ಮೇ ತಿಂಗಳ ಬಿಸಿಲಲ್ಲಿ ಟಂಟಂನಿಂದ ಇಳಿದು ಬಂದವಳನ್ನು ಹಾಗೇ ಸ್ಟೂಲ್ ಮೇಲೆ ಕೂರಿಸಿ, ರವಿಕೆ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಅವಳು ಮಾತಾಡುತ್ತಿರುವಾಗಲೇ ಅಳೆದರೆ ಯಾರಿಗಾದರೂ ಹತ್ತು ಜಾಸ್ತಿ ತೋರಿಸುತ್ತೆ. ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಮೂತ್ರಕ್ಕೆ ಹೋಗಿ ಬಂದಿರಬೇಕು. ನಿಮ್ಮ ಹೆಂಡತಿಯದು ಬೇರೆ ಬೇರೆ ದಿನ, ಬೇರೆ ಬೇರೆ ಕಡೆ, ಎರಡು ಸಲವೂ ಗೆರೆ ದಾಟಿದೆ. ಹಾಗಾಗಿ ಇದು ಬಿಸಿಲಿನ ಬಿಪಿ ಅಲ್ಲ, ನಿಜವಾದ ಬಿಪಿ.

ಜೊತೆಗೆ ಮೂತ್ರದಲ್ಲಿ ಒಂದು ಪ್ಲಸ್. ಈಗ ಒಂದು ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡುತ್ತಾರೆ, ಪ್ರೊಟೀನ್ ಇದ್ದರೆ ಹಳದಿ ಇದ್ದದ್ದು ಹಸಿರಿಗೆ ತಿರುಗುತ್ತೆ. ನಾನು ಕಲಿಯುವಾಗ ಗಾಜಿನ ನಳಿಗೆಯಲ್ಲಿ ಮೂತ್ರ ಹಾಕಿ ಸ್ಪಿರಿಟ್ ದೀಪಕ್ಕೆ ಹಿಡಿದು ಕಾಯಿಸುತ್ತಿದ್ದೆವು. ಪ್ರೊಟೀನ್ ಇದ್ದರೆ ಒಡೆದ ಹಾಲಿನ ಹಾಗೆ ಮೇಲ್ಗಡೆ ಬೆಳ್ಳಗೆ ಕದಡುತ್ತಿತ್ತು. ಒಂದೆರಡು ಹನಿ ಆಮ್ಲ ಹಾಕಿದರೂ ಆ ಬಿಳುಪು ಹೋಗದಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಆ ನಳಿಗೆ ಈಗಲೂ ನನ್ನ ಕಣ್ಣ ಮುಂದಿದೆ. ಬಿಪಿ ಒಂದೇ ಏರಿದ್ದರೆ ಅದು ಒಂದು ಮಾತು. ಬಿಪಿ ಜೊತೆ ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿದ್ದರೆ, ಇಲ್ಲವೇ ಲಿವರ್, ಕಿಡ್ನಿ, ರಕ್ತದ ಪ್ಲೇಟ್‌ಲೆಟ್ ಮೇಲೆ ಪೆಟ್ಟು ಬಿದ್ದಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ. ಹಳಬರು ನಂಜು ಎನ್ನುವುದು ಇದನ್ನೇ. ಅಂದರೆ ಆಯಿಯ ಗುಮಾನಿ ಸುಳ್ಳಲ್ಲ, ಅವರು ಹಿಡಿದ ಮದ್ದು ಮಾತ್ರ ತಪ್ಪು.

ಒಂದು ಪ್ಲಸ್ ಗಟ್ಟಿ ಸಾಕ್ಷಿಯಲ್ಲ. ಬಿಳಿಸೆರಗು ಸೇರಿಕೊಂಡರೂ, ಮೂತ್ರದ ಸೋಂಕಿದ್ದರೂ ಹಾಗೆ ತೋರಿಸಬಹುದು. ಅದಕ್ಕೆ ಪ್ರೊಟೀನ್ ಎಷ್ಟು ಹೋಗುತ್ತಿದೆ ಅಂತ ಲ್ಯಾಬಿನಲ್ಲಿ ಅಳೆಸಬೇಕು. ಜೊತೆಗೆ ಪ್ಲೇಟ್‌ಲೆಟ್, ಲಿವರ್ ಪರೀಕ್ಷೆ, ಕಿಡ್ನಿ ಹೇಗಿದೆ ಅಂತ ನೋಡಲು ಕ್ರಿಯಾಟಿನಿನ್. ಮಗುವಿನ ಬೆಳವಣಿಗೆ ಮತ್ತು ರಕ್ತದ ಹರಿವು ನೋಡಲು ಡಾಪ್ಲರ್ ಇರುವ ಸ್ಕ್ಯಾನಿಂಗ್. ನಿಮ್ಮ ಪತ್ರದಲ್ಲಿ ಇವು ಯಾವುದೂ ಕಾಣಲಿಲ್ಲ. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ, ಮುಂದಿನ ತಿಂಗಳಿಗೆ ತಳ್ಳಬೇಡಿ.

‘ಯಾಕೆ ಬಂತು? ಏನು ತಪ್ಪು ಮಾಡಿದಳು?’ ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ಅವಳು ಏನೂ ತಪ್ಪು ಮಾಡಿಲ್ಲ. ನೀವು ದೂರ ಇದ್ದೀರಿ, ಚಿಂತೆ ಮಾಡಿ ಬಂತು ಅನ್ನುವವರೂ ಇರುತ್ತಾರೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇದರ ಬೇರು ಮಾಸಿನಲ್ಲಿದೆ, ಹೆರಿಗೆಯಾದ ಮೇಲೆ ಬೀಳುತ್ತಲ್ಲ, ಆ ಕಸದಲ್ಲಿ. ಶಹಾಪುರದ ಕಡೆ ನಾರಾಯಣಪುರದ ಕಾಲುವೆ ನೀರು ಬರುತ್ತಲ್ವಾ, ಅದನ್ನೇ ನೆನೆಸಿಕೊಳ್ಳಿ. ಬಸುರಿನ ಮೊದಲ ತಿಂಗಳುಗಳಲ್ಲಿ ಮಾಸು ಗರ್ಭಕೋಶದ ಗೋಡೆಗೆ ಬೇರು ಬಿಡುತ್ತಾ, ಅಲ್ಲಿನ ಸಣ್ಣ ರಕ್ತನಾಳಗಳನ್ನು ಕಾಲುವೆಯಂತೆ ಅಗಲ ಮಾಡಿಕೊಳ್ಳಬೇಕು. ಕೆಲವರಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಕಾಲುವೆ ಇಕ್ಕಟ್ಟಾಗೇ ಉಳಿಯುತ್ತೆ. ಮೊದಮೊದಲು ಗೊತ್ತಾಗುವುದಿಲ್ಲ, ಮಗು ಸಣ್ಣದು, ಸಾಕಾಗುತ್ತೆ. ಬೆಳೆದಂತೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ಹಾಗೆ ಮಗುವಿಗೆ ರಕ್ತ ಸಾಲದಾಗುತ್ತೆ. ಹಸಿದ ಮಾಸು ಕೆಲವು ರಾಸಾಯನಿಕಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತೆ. ಅವು ಅವಳ ಮೈಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಆಗ ಬಿಪಿ ಏರುತ್ತೆ, ಕಿಡ್ನಿ ಸೋರುತ್ತೆ, ಮಿದುಳಿಗೂ ಲಿವರಿಗೂ ಪೆಟ್ಟು ಬೀಳುತ್ತೆ.

ಚೊಚ್ಚಲ ಬಸುರಿಯರಲ್ಲಿ ಇದು ಹೆಚ್ಚು. ಅವಳಿ ಮಕ್ಕಳಿದ್ದರೆ, ವಯಸ್ಸು 35 ದಾಟಿದ್ದರೆ, ತೂಕ ಜಾಸ್ತಿ ಇದ್ದರೆ, ಸಕ್ಕರೆ ಅಥವಾ ಕಿಡ್ನಿ ಕಾಯಿಲೆ ಇದ್ದರೆ, ತಾಯಿಗೋ ಅಕ್ಕನಿಗೋ ಬಂದಿದ್ದರೆ ಸಾಧ್ಯತೆ ಇನ್ನೂ ಹೆಚ್ಚು. ನೂರು ಗರ್ಭಿಣಿಯರಲ್ಲಿ 5ರಿಂದ 10 ಜನರಿಗೆ ಒಂದಲ್ಲ ಒಂದು ಬಗೆಯ ಬಿಪಿ ಬರುತ್ತೆ. ಅಪರೂಪದ್ದಲ್ಲ.

ಬೇರು ಎಲ್ಲಿದೆ ಅಂತ ತಿಳಿದರೆ ಉಪ್ಪಿನ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತೆ. ಇದು ಉಪ್ಪಿನಿಂದ ಬಂದದ್ದಲ್ಲ, ಉಪ್ಪು ಬಿಟ್ಟರೆ ಹೋಗುವುದೂ ಇಲ್ಲ. ಹಪ್ಪಳ, ಉಪ್ಪಿನಕಾಯಿ ಮಿತಿಯಲ್ಲಿರಲಿ, ಅಷ್ಟೇ. ಸಪ್ಪೆ ಗಂಜಿ ತಿನ್ನಿಸಿದರೆ ಅವಳಿಗೆ ಊಟವೇ ಸೇರದೆ ಮಗುವಿನ ತೂಕ ಇನ್ನೂ ಇಳಿಯುತ್ತೆ. ರೊಟ್ಟಿ, ತೊಗರಿಬೇಳೆ, ಸೊಪ್ಪಿನ ಪಲ್ಯ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಎಲ್ಲ ಕೊಡಿ. ನೀರು ಕಡಿಮೆ ಮಾಡುವುದಂತೂ ಬೇಡವೇ ಬೇಡ. ನಮ್ಮ ಬಿಸಿಲಿಗೆ ನೀರು ಕಡಿಮೆಯಾದರೆ ಕಿಡ್ನಿಗೆ ಇನ್ನಷ್ಟು ಕಷ್ಟ. ಕಾಲಿನ ಬಾವು ನೀರು ಕುಡಿದದ್ದರಿಂದ ಬಂದಿಲ್ಲ. ಬೇಸಿಗೆಯಲ್ಲಿ ತುಂಬು ಬಸುರಿಯರಲ್ಲಿ ಬಹುತೇಕರಿಗೆ ಸಂಜೆ ಹೊತ್ತಿಗೆ ಪಾದ ಊದುತ್ತೆ, ಅದರಲ್ಲಿ ಕೆಟ್ಟದ್ದೇನಿಲ್ಲ. ಬೆಳಗ್ಗೆ ಎದ್ದಾಗಲೂ ಮುಖ ಊದಿದ್ದರೆ, ಬಳೆ ಉಂಗುರ ಇದ್ದಕ್ಕಿದ್ದಂತೆ ಬಿಗಿಯಾದರೆ ಅದು ಬೇರೆ.

ಇಡೀ ದಿನ ಹಾಸಿಗೆಯಲ್ಲೇ ಮಲಗಿಸಬೇಕೆಂದೂ ಇಲ್ಲ. ಅದರಿಂದ ಬಿಪಿ ರೋಗ ತಡೆಯುವುದಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಹೊಲದ ಕೆಲಸ, ಕೊಡ ಹೊರುವುದು ಬೇಡ. ಮನೆಯಲ್ಲಿ ಓಡಾಡಿಕೊಂಡಿರಲಿ, ಮಲಗುವಾಗ ಎಡಮಗ್ಗುಲಿಗೆ ಮಲಗಲಿ. ಸರ್ಕಾರದಿಂದ ಕೊಡುವ ಕ್ಯಾಲ್ಸಿಯಂ ಮಾತ್ರೆ, 500 ಮಿಲಿಗ್ರಾಮಿನದು ದಿನಕ್ಕೆರಡು, ಬಿಡದೆ ತಿನ್ನಲಿ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಅದು ಈ ಕಾಯಿಲೆ ಬರುವ ಸಾಧ್ಯತೆಯನ್ನೇ ತಗ್ಗಿಸುತ್ತೆ. ಕಬ್ಬಿಣದ ಮಾತ್ರೆಯನ್ನು ಅದರ ಜೊತೆ ನುಂಗಬಾರದು, ಎರಡು ತಾಸು ಅಂತರ ಇರಲಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ‘ಏನೂ ತೊಂದರೆ ಇಲ್ಲ.’ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಕಲಬುರಗಿಯಲ್ಲಿ ಹೆರಿಗೆ ಮಾಡಿಸುತ್ತಿದ್ದೇನೆ. ನನ್ನನ್ನು ಹೆಚ್ಚು ಹೆದರಿಸುವ ಮಾತು ಇದೇ. ಈ ಬಿಪಿ ನೋಯುವುದಿಲ್ಲ, ಜ್ವರ ತರುವುದಿಲ್ಲ. 150 ಇದ್ದರೂ ಹೆಣ್ಣುಮಗಳು ನಗುನಗುತ್ತಾ ರೊಟ್ಟಿ ಬಡಿಯುತ್ತಿರುತ್ತಾಳೆ. ಅವಳಿಗೆ ಹೇಗನ್ನಿಸುತ್ತೆ ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಪಟ್ಟಿ ಸುತ್ತಿ ನೋಡಿದ ಅಂಕಿಯಿಂದ ಮಾತ್ರ ತಿಳಿಯುತ್ತೆ.

ಒಂದು ರಾತ್ರಿ ಮೂರು ಗಂಟೆಗೆ ಒಬ್ಬ ಹುಡುಗಿಯನ್ನು ಕರೆತಂದರು. ಅವಳದೂ ಚೊಚ್ಚಲು, ಎಂಟು ತಿಂಗಳು. ಮೂರು ದಿನದಿಂದ ತಲೆನೋವು. ಹಣೆಗೆ ಬಾಮ್ ಹಚ್ಚಿ ಬಟ್ಟೆ ಕಟ್ಟಿದ್ದರು. ಸಂಜೆ ಫಿಟ್ಸ್ ಬಂದಾಗ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಲು ಪಕ್ಕದೂರಿಗೆ ಒಯ್ದಿದ್ದರು. ನಮ್ಮಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಸಲ ಫಿಟ್ಸ್ ಆಗಿತ್ತು. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಬಲಗೈ ಮುಷ್ಟಿ ಬಿಡಿಸಿದರೆ ಒಳಗೆ ಮನೆಯ ಬೀಗದ ಕೈ ಇತ್ತು, ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು. ಬಸುರಿಯ ತಪಾಸಣೆ ಬರೆದಿಡುವ ಅವಳ ‘ತಾಯಿ ಕಾರ್ಡ್’ ತೆಗೆದು ನೋಡಿದೆ. ಕೊನೆಯ ಎರಡು ತಿಂಗಳ ಬಿಪಿ ಕಾಲಂ ಖಾಲಿ. ಹುಷಾರಾಗಿದ್ದಾಳಲ್ಲ ಅಂತ ಕರೆದುಕೊಂಡು ಹೋಗಿರಲಿಲ್ಲ. ಅವಳು ಉಳಿದಳು. ಮಗು ಉಳಿಯಲಿಲ್ಲ. ಮನೆಯವರು ಅವಳನ್ನು ಪ್ರೀತಿಸದವರಲ್ಲ, ರಾತ್ರಿಯೆಲ್ಲ ಹೊರಗೆ ಅಳುತ್ತಾ ನಿಂತಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಅದಕ್ಕೇ ನಾನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮನೆಯಲ್ಲಿ ಎಲ್ಲರಿಗೂ ಇದು ಬಾಯಿಪಾಠ ಆಗಿರಲಿ: ಬಿಡದ ತಲೆನೋವು. ಕಣ್ಣು ಮಂಜಾಗುವುದು, ಕಣ್ಣ ಮುಂದೆ ಚಿಕ್ಕೆ ಹೊಳೆಯುವುದು. ಎದೆಗುಂಡಿಯಲ್ಲಿ ಅಥವಾ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಇದನ್ನು ಗ್ಯಾಸ್ ಅಂತ ಸೋಡಾ ಕುಡಿಸುತ್ತಾರೆ, ಕುಡಿಸಬೇಡಿ. ವಾಂತಿ, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು, ರಕ್ತ ಹೋಗುವುದು, ಮಗು ಆಡುವುದು ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಹೊತ್ತು ಯಾವುದೇ ಇರಲಿ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಅನ್ನಬೇಡಿ. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಮಗುವಿನ ಆಟ ಎಣಿಸಲಿ. ಎರಡು ತಾಸಿನಲ್ಲಿ ಹತ್ತು ಸಲ ಆಡದಿದ್ದರೆ ಅಂದೇ ತೋರಿಸಬೇಕು. ಫಿಟ್ಸ್ ಬಂದೇ ಬಿಟ್ಟರೆ ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿ. ಬಾಯಿಗೆ ಚಮಚ ಬೇಡ, ನೀರು ಬೇಡ, ಕೈಗೆ ಕಬ್ಬಿಣ ಬೇಡ. ಆಸ್ಪತ್ರೆಯಲ್ಲಿ ಮ್ಯಾಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಅಗ್ಗದ ಔಷಧ, ಮೈಯೆಲ್ಲ ಬೆಂಕಿ ಹತ್ತಿದಷ್ಟು ಬಿಸಿ ಅನಿಸುತ್ತೆ, ಆದರೆ ಜೀವ ಉಳಿಸುತ್ತೆ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಪ್ರಿಎಕ್ಲಾಂಪ್ಸಿಯಾ ಗರ್ಭಿಣಿಯರ ಮೇಲೆ ಮಾಡಿದ, 2002ರಲ್ಲಿ ಹೊರಬಂದ ಅಧ್ಯಯನದಲ್ಲಿ ಅದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತ್ತು. ಆರೋಗ್ಯ ಕೇಂದ್ರದಲ್ಲೇ ಮೊದಲ ಡೋಸ್ ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸುತ್ತೇವೆ ಅಂದರೆ ಬೇಡ ಅನ್ನಬೇಡಿ.

ಮಾತ್ರೆ ತಿಂದರೆ ರೋಗ ವಾಸಿಯಾಗುತ್ತಾ? ಇಲ್ಲ, ಇದನ್ನು ನೇರವಾಗಿಯೇ ಹೇಳಬೇಕು. ಮಾತ್ರೆ ಬಿಪಿಯನ್ನು ಹಿಡಿದಿಟ್ಟು ಮಿದುಳಿಗೆ ಪೆಟ್ಟಾಗದಂತೆ ಕಾಯುತ್ತೆ, ಮಗು ಹೊಟ್ಟೆಯಲ್ಲಿ ಬೆಳೆಯಲು ಕೆಲವು ವಾರ ಗಳಿಸಿಕೊಡುತ್ತೆ. ಮಾಸು ಒಳಗಿರುವವರೆಗೆ ಕಾಯಿಲೆ ಒಳಗೇ ಇರುತ್ತೆ. ಕೆಳಗಿನ ಅಂಕಿ 85ರ ಆಸುಪಾಸು ಇರುವಂತೆ ನಾವು ಡೋಸ್ ಹೊಂದಿಸುತ್ತೇವೆ. ತೀರಾ ಇಳಿಸಿದರೆ ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತೆ. ಅದಕ್ಕೇ ‘ಇವತ್ತು ಜಾಸ್ತಿ ಇದೆ’ ಅಂತ ಎರಡು ಮಾತ್ರೆ ನುಂಗುವುದು, ‘ಇವತ್ತು ಸರಿ ಇದೆ’ ಅಂತ ಬಿಡುವುದು ಎರಡೂ ತಪ್ಪು.

37 ವಾರ ಯಾಕೆ ಅಂದರು ಅಂದರೆ, ಅಷ್ಟರಲ್ಲಿ ಮಗು ಬಲಿತಿರುತ್ತೆ. ಅಲ್ಲಿಂದ ಮುಂದೆ ಕಾದರೆ ತಾಯಿಗೆ ಅಪಾಯ ಹೆಚ್ಚೇ ಹೊರತು ಮಗುವಿಗೆ ಲಾಭ ಇಲ್ಲ. ಅಷ್ಟರೊಳಗೆ ಬಿಪಿ ಹತೋಟಿ ತಪ್ಪಿದರೆ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿದರೆ, ಫಿಟ್ಸ್ ಬಂದರೆ, ಮಗು ಬೆಳೆಯದೆ ಹೋದರೆ ಇನ್ನೂ ಬೇಗ ಹೆರಿಗೆ ಮಾಡಿಸಬೇಕಾಗುತ್ತೆ. ಆಗ 34 ವಾರಕ್ಕೆ ಮುಂಚಿನ ಮಗುವಾದರೆ ಪುಪ್ಪುಸ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ಬೇಗ ಹುಟ್ಟಿದ ಮಗುವಿಗೆ ಉಸಿರಾಟ, ಹಾಲು ಕುಡಿಯುವುದು, ಮೈ ಬೆಚ್ಚಗಿರುವುದು ಎಲ್ಲ ಕಷ್ಟ, ಕೆಲವು ದಿನ ನವಜಾತ ಶಿಶು ಘಟಕದಲ್ಲಿ ಇಡಬೇಕಾಗಬಹುದು. ಬಿಪಿ ಅಂದಮಾತ್ರಕ್ಕೆ ಆಪರೇಷನ್ನೇ ಆಗಬೇಕು ಅಂತಿಲ್ಲ. ಬಹಳ ಜನಕ್ಕೆ ನೋವು ಬರಿಸಿ ಸಹಜ ಹೆರಿಗೆ ಮಾಡಿಸುತ್ತೇವೆ.

ಹಳ್ಳಿ ಹತ್ತಿರವೇ ಹೆರಿಗೆ ಬೇಡ. ಆರೋಗ್ಯ ಕೇಂದ್ರದ ಸಿಸ್ಟರು ಒಳ್ಳೆಯವರಲ್ಲ ಅಂತಲ್ಲ, ಅವರೇ ಇದನ್ನು ಮೊದಲು ಹಿಡಿದದ್ದು. ಅವಳಿಗೆ ಬೇಕಿರುವುದು ರಕ್ತನಿಧಿ, ಅರಿವಳಿಕೆ ಡಾಕ್ಟರು, ನವಜಾತ ಶಿಶು ಘಟಕ. ಅವು ಒಂದೇ ಸೂರಿನಡಿ ಸಿಗುವುದು ಯಾದಗಿರಿಯ ಜಿಲ್ಲಾ ಮಟ್ಟದ ಆಸ್ಪತ್ರೆ ಅಥವಾ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್‌ನಂಥ ಕಡೆ. ಹೆರಿಗೆಯ ಹೊತ್ತಿಗೆ ಮಿರಗದ ಮಳೆ ಶುರುವಾಗಿರುತ್ತೆ, ಎರಿಮಣ್ಣಿನ ದಾರಿಯಲ್ಲಿ ರಾತ್ರಿ ಗಾಡಿ ಹೂತರೆ ಯಾರು ಎತ್ತುತ್ತಾರೆ? 36 ವಾರಕ್ಕೆ ಮುಂಚೆಯೇ ಯಾದಗಿರಿಯಲ್ಲೋ ಕಲಬುರಗಿಯಲ್ಲೋ ನೆಂಟರ ಮನೆಯಲ್ಲಿ ಇರಿಸಲು ನೋಡಿ. ಆಗದಿದ್ದರೆ ಆಸ್ಪತ್ರೆಯಲ್ಲೇ ಮುಂಚೆ ದಾಖಲಾಗಲು ಕೇಳಿ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ, ಅದನ್ನು ತಪ್ಪಿಸಬೇಡಿ. ಆದರೆ ಇವಳಿಗೆ ತಿಂಗಳಿಗೊಂದು ಸಲ ಸಾಲದು. ವಾರಕ್ಕೆ ಎರಡು ಸಲ ಬಿಪಿ ನೋಡಬೇಕು. ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ಕೈಗೆಟುಕಿದರೆ ತೋಳಿಗೆ ಸುತ್ತುವ ಡಿಜಿಟಲ್ ಮೆಷಿನ್ ಕೊಡಿಸಿ. ಒಮ್ಮೆ ಅದನ್ನು ಆಸ್ಪತ್ರೆಗೆ ಒಯ್ದು ಅವರ ಅಳತೆ ಜೊತೆ ತಾಳೆ ನೋಡಿ. ಬಂದ ಅಂಕಿಯನ್ನು ಅವಳು ಪ್ರತಿ ಸಲವೂ ನಿಮಗೆ ಫೋನಿನಲ್ಲಿ ಹೇಳಲಿ, ನೀವು ಬರೆದಿಟ್ಟುಕೊಳ್ಳಿ. ದೂರದಲ್ಲಿದ್ದುಕೊಂಡೂ ನೀವು ಮಾಡಬಹುದಾದ ದೊಡ್ಡ ಕೆಲಸ ಅದು. 36 ವಾರದಿಂದ ರಜೆ ಹಾಕಿ ಬರಲು ಸಾಧ್ಯವಾದರೆ ಬನ್ನಿ. ರಕ್ತ ಬೇಕಾದರೆ, ಸಹಿ ಬೇಕಾದರೆ ಓಡಾಡಲು ಗಂಡಾಳು ಬೇಕಾಗುತ್ತೆ.

ಹೆರಿಗೆಯಾಯಿತು, ಇನ್ನು ಗೆದ್ದೆವು ಅಂದುಕೊಳ್ಳುವ ಹೊತ್ತಲ್ಲೇ ಕೆಲವರು ಮೋಸ ಹೋಗುತ್ತಾರೆ. ಬಿಪಿ ಹೆಚ್ಚಾಗಿ ಏರುವುದು ಹೆರಿಗೆಯಾದ ಮೂರರಿಂದ ಆರನೇ ದಿನದೊಳಗೆ, ಅಂದರೆ ಮನೆಗೆ ಕರೆತಂದ ಮೇಲೆ. ಬಾಣಂತಿ ಕೋಣೆಯಲ್ಲಿ ಬಾಗಿಲು ಮುಚ್ಚಿ, ಕುಳ್ಳಿನ ಹೊಗೆ ಹಾಕಿ, ತಲೆಗೆ ಬಟ್ಟೆ ಕಟ್ಟಿರುತ್ತಾರೆ. ತಲೆನೋವು ಅಂದರೆ ತಂಡಿ ಹೊಡೆದಿದೆ ಅನ್ನುತ್ತಾರೆ. ಆ ದಿನಗಳಲ್ಲೂ ಬಿಪಿ ನೋಡಿಸಿ. ಫಿಟ್ಸ್ ಆರು ವಾರದವರೆಗೂ ಬರಬಹುದು. ಡಾಕ್ಟರು ನಿಲ್ಲಿಸು ಅನ್ನುವವರೆಗೆ ಮಾತ್ರೆ ಬಿಡಬಾರದು. ಲ್ಯಾಬೆಟಲಾಲ್, ನಿಫೆಡಿಪಿನ್ ತಿನ್ನುತ್ತಲೇ ಹಾಲುಣಿಸಬಹುದು.

ಜೀವನಪೂರ್ತಿ ಉಳಿಯುತ್ತಾ ಅಂದಿರಿ. ಮೊದಲು ಬಿಪಿ ಸರಿ ಇದ್ದು ಬಸುರಿನಲ್ಲಿ ಏರಿದವರಿಗೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಇಳಿಯುತ್ತೆ. ನಿಮ್ಮ ಹೆಂಡತಿಯದು ಮೂರನೇ ತಿಂಗಳಲ್ಲಿ 110/70 ಇತ್ತು, ಅದು ಒಳ್ಳೆಯ ಸೂಚನೆ. ಇಳಿದರೂ ಮುಂದೆ ನಡುವಯಸ್ಸಿನಲ್ಲಿ ಬಿಪಿ, ಹೃದಯದ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಹಾಗಾಗಿ ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಮುಂದಿನ ಮಗುವಿಗೆ ಕನಿಷ್ಠ ಎರಡು ವರ್ಷ ಬಿಡಿ, ಅಲ್ಲಿಯವರೆಗೆ ಕಾಪರ್-ಟಿ ಹಾಕಿಸಬಹುದು. ಮತ್ತೆ ಬಸುರಿಯಾದಾಗ 12ನೇ ವಾರದಿಂದಲೇ ಸಣ್ಣ ಡೋಸಿನ ಆಸ್ಪಿರಿನ್ ಶುರು ಮಾಡಿದರೆ ಈ ಕಾಯಿಲೆ ಮರುಕಳಿಸುವ ಸಾಧ್ಯತೆ ತಗ್ಗುತ್ತೆ. 16 ವಾರ ದಾಟಿದ ಮೇಲೆ ಶುರು ಮಾಡಿದರೆ ಅಷ್ಟು ಉಪಯೋಗ ಇಲ್ಲ, ಅದಕ್ಕೇ ಈಗ ಅವಳಿಗೆ ಅದನ್ನು ಹೇಳುತ್ತಿಲ್ಲ. ಆವತ್ತು ಡಾಕ್ಟರಿಗೆ ಇದೆಲ್ಲ ಗೊತ್ತಾಗಬೇಕಾದರೆ ಈ ಸಲದ ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ನೀವು ಬರೆದಿಟ್ಟ ಬಿಪಿ ಹಾಳೆ ಮೂರನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಡಿ. ಮುಟ್ಟು ತಪ್ಪಿದ ತಿಂಗಳೇ ಆ ಚೀಲ ಹಿಡಿದುಕೊಂಡು ಬನ್ನಿ.